ಗಾಲಿ ಅವರದು, ಹೊಲ ನಮ್ಮದು

ಬಾಡಿಗೆಗೆ ಟ್ರಾಕ್ಟರ್ ಕರೆಯುವಾಗ ನಾವು ಕೇಳುವುದು ಎರಡೇ ಮಾತು. ತಾಸಿಗೆ ಎಷ್ಟು? ಯಾವಾಗ ಬರ್ತೀರಿ? ಇವೆರಡರ ಜೊತೆ ಮೂರನೆಯದೊಂದನ್ನು ಕೇಳುವ ರೂಢಿ ಬರಬೇಕು ಎಂಬುದು ನನ್ನ ಅಭಿಪ್ರಾಯ: ಹಿಂದಿನ ಗಾಲಿಗೆ ಯಾವ ಸೈಜಿನ ಟಯರ್ ಹಾಕೀರಿ?

ಅದು ಮಾಲೀಕರ ತಲೆನೋವು, ನಮಗ್ಯಾಕೆ ಅನ್ನುವವರಿದ್ದಾರೆ. ಕಾರಿನ ಮಟ್ಟಿಗೆ ಆ ಮಾತು ಸರಿ. ಗಾಲಿಗೆ ಒಪ್ಪದ ಟಯರ್ ಹಾಕಿದರೆ ಖರ್ಚು, ತ್ರಾಸು ಎಲ್ಲ ಕಾರಿನವರದೇ. ಟ್ರಾಕ್ಟರಿನದು ಹಾಗಲ್ಲ. ಟಯರ್ ಆರಿಸುವವರು ಅವರು, ಅದು ತುಳಿಯುವುದು ನಮ್ಮ ಹೊಲವನ್ನು.

ರೋಣ, ನರಗುಂದದ ಎರಿ ಭೂಮಿಯವರಿಗೆ ಇದು ಸಣ್ಣ ಮಾತಲ್ಲ. ನಮ್ಮ ಕಡಲೆ, ಬಿಳಿಜೋಳ, ಕುಸುಬಿ ಬದುಕುವುದು ಸೆಪ್ಟೆಂಬರ್-ಅಕ್ಟೋಬರ್ ಮಳೆಯನ್ನು ಭೂಮಿ ಒಳಗೆ ಹಿಡಿದಿಟ್ಟುಕೊಂಡರೆ ಮಾತ್ರ. ಹಸಿ ಎರಿಯ ಮೇಲೆ ಭಾರದ ಗಾಲಿ ಓಡಾಡಿದರೆ ಮಣ್ಣಿನೊಳಗಿನ ಸಂದುಗಳು ಮುಚ್ಚಿ, ಕೆಳಗೆ ಗಟ್ಟಿ ಪದರ ಕೂಡುತ್ತದೆ. ಆಮೇಲೆ ನೀರೂ ಇಳಿಯೋದಿಲ್ಲ, ಬೇರೂ ಇಳಿಯೋದಿಲ್ಲ. "ಎರಿ ಬಿರುಕು ಬಿಟ್ಟು ತಾನ ಸಡಿಲ ಆಕ್ಕೈತಿ" ಎನ್ನುವುದು ಅರ್ಧ ನಿಜ. ಆದರೆ ಬಿರುಕು ಬಿಡುವ ಹೊತ್ತಿಗೆ ಆ ವರ್ಷದ ಬೆಳೆಯ ಕತೆ ಮುಗಿದಿರುತ್ತದೆ.

ಟಯರಿನ ಮೈಮೇಲೆ ಬರೆದ ಅಂಕಿ ಓದುವುದು ಕಷ್ಟವಲ್ಲ. 13.6-28 ಎಂದಿದ್ದರೆ ಮೊದಲ ಅಂಕಿ ಟಯರಿನ ಅಗಲ, ಎರಡನೆಯದು ಅದು ಕೂಡುವ ರಿಮ್ಮಿನ ವ್ಯಾಸ, ಎರಡೂ ಇಂಚಿನಲ್ಲಿ. ನಡುವೆ ಗೆರೆಯ ಬದಲು 'ಆರ್' ಅಕ್ಷರ ಇದ್ದರೆ ಅದು ರೇಡಿಯಲ್ ಟಯರ್. 40-45 ಅಶ್ವಶಕ್ತಿಯ ಬಹಳಷ್ಟು ಟ್ರಾಕ್ಟರುಗಳಿಗೆ ಹಿಂದೆ 13.6-28 ಇರುತ್ತದೆ. ಅದಕ್ಕಿಂತ ದೊಡ್ಡವಕ್ಕೆ 14.9-28, 16.9-28. ಸಣ್ಣ ಟ್ರಾಕ್ಟರುಗಳಿಗೆ 8.3-20, 8.3-24, 9.5-24.

ಈಗ ನಮ್ಮ ಸಾಲಿನ ಲೆಕ್ಕ ಹಿಡಿಯೋಣ. ಕಡಲೆ ಸಾಲು ಒಂದು ಅಡಿ, ಅಂದರೆ 30 ಸೆಂ.ಮೀ. 13.6 ಇಂಚಿನ ಟಯರ್ ಸುಮಾರು 34.5 ಸೆಂ.ಮೀ. ಅಗಲ. ಸಾಲಿಗಿಂತ ಗಾಲಿಯೇ ದೊಡ್ಡದು! ಕಾಯಿಕೊರಕಕ್ಕೆ ಔಷಧಿ ಹೊಡೆಯಲು ಅದನ್ನು ಒಳಗೆ ಬಿಟ್ಟರೆ ಪ್ರತಿ ಗಾಲಿಯ ಅಡಿಗೆ ಬೆಳೆ ಹೋಯಿತು ಅಂತಲೇ ಲೆಕ್ಕ. 8.3 ಇಂಚಿನದು 21 ಸೆಂ.ಮೀ.; ಎರಡೂ ಬದಿಗೆ ನಾಲ್ಕೂವರೆ ಸೆಂ.ಮೀ. ಉಳಿಯುತ್ತದೆ. ಚಾಲಕ ಗಟ್ಟಿಗನಾದರೆ ನಡೆಯುತ್ತದೆ. 45 ಸೆಂ.ಮೀ. ಸಾಲಿನ ಜೋಳದಲ್ಲಿ 13.6 ತೂರುತ್ತದೆ, ಆದರೆ ಬದಿಗೆ ಉಳಿಯುವುದು ಐದೇ ಸೆಂ.ಮೀ.

ಟಯರ್ ಸಣ್ಣದಾದರೆ ಸಾಲದು, ಎರಡು ಗಾಲಿಗಳ ನಡುವಿನ ಅಂತರವೂ ಸಾಲಿಗೆ ಕೂಡಬೇಕು. ಒಂದು ಗಾಲಿಯ ನಟ್ಟನಡುವಿನಿಂದ ಇನ್ನೊಂದರ ನಡುವಿನವರೆಗೆ ಅಳೆದರೆ, ಕಡಲೆಗೆ 150 ಸೆಂ.ಮೀ. ಬಂದರೆ ಐದು ಸಾಲಿನ ಅಳತೆ, ಜೋಳಕ್ಕೆ 135 ಬಂದರೆ ಮೂರು ಸಾಲಿನ ಅಳತೆ. ಬಹಳ ಟ್ರಾಕ್ಟರುಗಳಲ್ಲಿ ರಿಮ್ ಮತ್ತು ಡಿಸ್ಕನ್ನು ತಿರುಗಿಸಿ ಕೂಡಿಸಿ ಈ ಅಂತರ ಬದಲಿಸಬಹುದು. ಕೇಳುವವರಿಲ್ಲ, ಹಾಗಾಗಿ ಬದಲಿಸುವವರೂ ಕಡಿಮೆ.

ಹಂಗಾರ ಎಲ್ಲಾರೂ ಸಣ್ಣ ಟಯರ್ ಹಾಕ್ಕೊಳ್ರಿ ಎಂದು ನಾನು ಹೇಳುತ್ತಿಲ್ಲ. ಅಗಲ ಟಯರಿಗೆ ಕಡಿಮೆ ಗಾಳಿ ಸಾಕು, ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. ಬಿತ್ತನೆಗೆ ಮುಂಚೆ ರಂಟೆ ಹೊಡೆಯಲು, ಹರಗಲು ಅದೇ ಒಳ್ಳೆಯದು. ಸಣ್ಣ ಟಯರ್ ಹೊರುವ ಭಾರ ಕಡಿಮೆ. ಮೆತ್ತಗಿನ ನೆಲದಲ್ಲಿ ಹೆಚ್ಚು ಹೂಳುತ್ತದೆ. ಬೆಳೆ ಎದ್ದ ಮೇಲೆ ಎಡೆ ಹೊಡೆಯಲು, ಔಷಧಿ ಸಿಂಪಡಿಸಲು ಸಣ್ಣದು, ಬರಿಹೊಲಕ್ಕೆ ಅಗಲದ್ದು. ಕೆಲಸ ನೋಡಿ ಗಾಲಿ.

ಗಾಳಿಯ ಮಾತೂ ಇಷ್ಟೇ ಮುಖ್ಯ. ಉಳ್ಳಾಗಡ್ಡಿ ಹೇರಿಕೊಂಡು ಹುಬ್ಬಳ್ಳಿ ಮಾರುಕಟ್ಟೆಗೆ ಹೋಗಿಬಂದ ಟ್ರಾಕ್ಟರ್ ಅದೇ ಗಾಳಿಯಲ್ಲಿ ಹೊಲಕ್ಕಿಳಿಯುತ್ತದೆ. ಹಿಂದಿನ ಗಾಲಿಗೆ ರಸ್ತೆಯಲ್ಲಿ 16-18 ಪೌಂಡು ಬೇಕಾದರೆ ಹೊಲದಲ್ಲಿ ಸುಮಾರು 12 ಸಾಕು. ಆಯಾ ಟ್ರಾಕ್ಟರಿನ ಪುಸ್ತಕದಲ್ಲಿ ಬರೆದದ್ದೇ ಅಂತಿಮ. ಗಜೇಂದ್ರಗಡದ ಗುಡ್ಡದ ಬದಿಯ ಕಲ್ಲು ಮಸಾರಿಯಲ್ಲಿ ಮಾತ್ರ ತೀರ ಇಳಿಸಬಾರದು, ಟಯರಿನ ಪಕ್ಕ ಕಲ್ಲಿಗೆ ಸೀಳುತ್ತದೆ.

ಸ್ವಂತ ಟ್ರಾಕ್ಟರ್ ಇದ್ದವರಿಗೆ ಎರಡು ಎಚ್ಚರಿಕೆ. ಒಂದು, ವ್ಯಾಸ 28 ಹೊಂದಿದ ಮಾತ್ರಕ್ಕೆ ಟಯರ್ ಹೊಂದಿತು ಎಂದಲ್ಲ. ರಿಮ್ಮಿಗೂ ಅಗಲ ಇದೆ. 12.4ಕ್ಕೆ 11 ಇಂಚಿನ ರಿಮ್, 13.6ಕ್ಕೆ 12, 14.9ಕ್ಕೆ 13 ಸರಿಯಾದ ಜೋಡಿ. ಎರಡು, ನಾಲ್ಕೂ ಗಾಲಿ ಎಳೆಯುವ ಟ್ರಾಕ್ಟರಿನಲ್ಲಿ ಹಿಂದಿನದನ್ನಷ್ಟೇ ಬದಲಿಸಬೇಡಿ. ಮುಂದಿನ ಗಾಲಿ ಹಿಂದಿನದಕ್ಕಿಂತ ತುಸು ವೇಗವಾಗಿ ತಿರುಗುವಂತೆ ಹಲ್ಲುಗಾಲಿಗಳ ಲೆಕ್ಕ ಹಾಕಿರುತ್ತಾರೆ. ಒಂದು ಕಡೆ ಎತ್ತರ ಬದಲಾದರೆ ಆ ಲೆಕ್ಕ ತಪ್ಪಿ ಟಯರ್ ಸವೆಯುತ್ತದೆ, ಮುಂದಿನ ಆಕ್ಸಲ್ಲಿಗೂ ಪೆಟ್ಟು.

ಎರಡು ಜೋಡಿ ಗಾಲಿ ಇಡಲು ರೊಕ್ಕ ಯಾರು ಕೊಡ್ತಾರ ಎಂದು ಮಾಲೀಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ತಾಸಿನ ಬಾಡಿಗೆಯಲ್ಲಿ ಹತ್ತು ರೂಪಾಯಿ ಉಳಿಸಲು ಚೌಕಾಸಿ ಮಾಡುವ ನಾವು, ಸಣ್ಣ ಗಾಲಿ ಹಾಕಿ ಬಂದವರಿಗೆ ನಾಲ್ಕು ಕಾಸು ಹೆಚ್ಚು ಕೊಡಲು ತಯಾರಿರಬೇಕು. ತುಳಿದು ಹೋಗುವ ಸಾಲುಗಳ ಕಡಲೆಯನ್ನು ಎಣಿಸಿದರೆ ಅದು ನಷ್ಟವಲ್ಲ. ಒಂದು ಊರಿನ ಒಂದೇ ಮಾದರಿಯ ಟ್ರಾಕ್ಟರಿನವರು ಕೂಡಿ ರಿಮ್ ಸಮೇತ ಒಂದು ಜೋಡಿ ತರಬಹುದು. 2014-15ರಲ್ಲಿ ರಾಜ್ಯ ಸರ್ಕಾರ ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳನ್ನು ಶುರುಮಾಡಿತು. ಇಂಥ ಕೇಂದ್ರಗಳ ದರಪಟ್ಟಿಯಲ್ಲಿ ಯಂತ್ರದ ಹೆಸರಿನ ಪಕ್ಕ ಟಯರಿನ ಅಗಲವನ್ನೂ ಬರೆಯಬೇಕು, ಎಡೆ ಕೆಲಸಕ್ಕೆಂದೇ ಸಣ್ಣ ಗಾಲಿ ಇಡಬೇಕು ಎಂದು ನಾವು ಒತ್ತಾಯಿಸಬೇಕು.

ಕೊನೆಗೆ, ಯಾವ ಟಯರೂ ಮಾಡಲಾಗದ ಕೆಲಸವೊಂದಿದೆ. ಹದ ಮೀರಿದ ಹಸಿಯನ್ನು ಅದು ಸರಿಮಾಡದು. ಮಲಪ್ರಭಾ ಕಾಲುವೆಯ ಬದಿಯ ಹೊಲದವರಿಗೆ ಇದು ಹೆಚ್ಚು ಅನ್ವಯ. ಗೇಣು ಆಳದ ಮಣ್ಣು ತೆಗೆದು ಅಂಗೈಯಲ್ಲಿ ಹೊಸೆದು ನೋಡ್ರಿ. ಹುಡಿಯಾದರೆ ಟ್ರಾಕ್ಟರ್ ಬರಲಿ. ದಾರದಂತೆ ಹೊಸೆಯಲು ಬಂದರೆ, ಗಾಲಿ ಎಷ್ಟೇ ಸರಿಯಿರಲಿ, ನಾಳೆ ಬಾ ಅಂತ ಕಳಿಸ್ರಿ.