ಕೈಪಿಡಿಗಳಲ್ಲಿ ಪಾಠಾಂತರಗಳು

ಅಚ್ಚಾದದ್ದೆಲ್ಲ ಸತ್ಯವೆಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಅದರಲ್ಲಿಯೂ ಅಂಕಿಗಳು ಅಚ್ಚಾಗಿದ್ದರೆ ಅವನ್ನು ಪ್ರಶ್ನಿಸುವ ಧೈರ್ಯ ಎಲ್ಲೋ ಕೆಲವರಿಗೆ ಮಾತ್ರ. ಆದರೆ ಹಳೆಯ ಮೋಟಾರು ಕಾರೊಂದರ ದುರಸ್ತಿ ಕೈಪಿಡಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದವರಿಗೆ ಈ ನಂಬಿಕೆ ಬಹುಬೇಗ ಸಡಿಲವಾಗುತ್ತದೆ. ಕಾರು ಒಂದೇ, ಭಾಗವೂ ಒಂದೇ. ಅಳತೆಗಳು ಮಾತ್ರ ಬೇರೆ ಬೇರೆ. ಇವುಗಳಲ್ಲಿ ಯಾವುದನ್ನು ನಂಬಬೇಕು? ಈ ಪ್ರಶ್ನೆ ಗರಾಜಿನವರಿಗೆ ಮಾತ್ರ ಸಂಬಂಧಿಸಿದ್ದಲ್ಲ, ವಿಜ್ಞಾನದ ವಿದ್ಯಾರ್ಥಿಗಳೆಲ್ಲರಿಗೂ ಸಂಬಂಧಿಸಿದ್ದೆಂದು ನಾವು ಭಾವಿಸುತ್ತೇವೆ.

ಉದಾಹರಣೆಗೆ ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರನ್ನು ತೆಗೆದುಕೊಳ್ಳೋಣ. 1938ರಲ್ಲಿ ರೂಪುಗೊಂಡ ಈ ಕಾರಿನ ಕೊನೆಯ ಪ್ರತಿ ಮೆಕ್ಸಿಕೋದ ಪ್ಯೂಬ್ಲಾ ಕಾರ್ಖಾನೆಯಿಂದ ಹೊರಬಂದದ್ದು 2003ರ ಜುಲೈ ತಿಂಗಳಲ್ಲಿ. ಅಷ್ಟರಲ್ಲಿ 2 ಕೋಟಿ 15 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾಗಿದ್ದವು. ಹೊರಗಿನ ಆಕಾರ ಹೆಚ್ಚು ಬದಲಾಗಲಿಲ್ಲ. ಒಳಗಿನ ಯಂತ್ರ ಮಾತ್ರ ಬದಲಾಗುತ್ತಲೇ ಇತ್ತು. ಗೊಂದಲದ ಮೂಲ ಇಲ್ಲಿಯೇ ಇದೆ.

ಎಂಜಿನ್ನಿನ ಕವಾಟಕ್ಕೂ ಅದನ್ನು ಒತ್ತಿ ತೆರೆಯುವ ತೋಳಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿಡಬೇಕು. ಕಾದ ಲೋಹ ಹಿಗ್ಗುತ್ತದೆಯಾದ್ದರಿಂದ ಈ ಸಂದು ಅಗತ್ಯ. ಸಂದು ತೀರ ಕಿರಿದಾದರೆ ಕವಾಟ ಪೂರ್ತಿ ಮುಚ್ಚದೆ, ತನ್ನ ಶಾಖವನ್ನು ಪೀಠಕ್ಕೆ ದಾಟಿಸಲಾರದೆ ಸುಟ್ಟುಹೋಗುತ್ತದೆ. ಹಿರಿದಾದರೆ ಸದ್ದು, ಸವೆತ. ಬೀಟಲ್‌ನ ಹಳೆಯ ಎಂಜಿನ್ನುಗಳಿಗೆ ಈ ಸಂದು 0.004 ಅಂಗುಲವೆಂದು ಕೆಲವು ಪುಟಗಳಲ್ಲಿದೆ. 1960ರ ದಶಕದ ಮೊದಲ ಭಾಗದ ಕೆಲವು ಎಂಜಿನ್ನುಗಳಿಗೆ ಒಳಸೇರಿಕೆಯ ಕವಾಟಕ್ಕೆ 0.008, ಹೊರಹಾಕುವ ಕವಾಟಕ್ಕೆ 0.012 ಅಂಗುಲವೆಂದು ಹೇಳಿದೆ. ಮುಂದಿನ ಎಂಜಿನ್ನುಗಳಿಗೆ ಮತ್ತೆ 0.004, ಬಳಿಕ ಅದನ್ನೂ ತಿದ್ದಿ 0.006!

ಮೇಲ್ನೋಟಕ್ಕೆ ಇದು ಮುದ್ರಣಾಲಯದ ಅವಾಂತರವೆನಿಸಬಹುದು. ವಾಸ್ತವವಾಗಿ ಇವೆಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿ ಸರಿಯೇ. ತೋಳುಗಳನ್ನು ಹಿಡಿದಿರುವ ಸ್ಟಡ್‌ಗಳು ಒಂದು ಅವಧಿಯಲ್ಲಿ ಉದ್ದವಾಗಿದ್ದವು. ಅವುಗಳ ಹಿಗ್ಗುವಿಕೆಯ ಲೆಕ್ಕ ಬೇರೆಯಾದ್ದರಿಂದ ಸಂದಿನ ಅಳತೆಯೂ ಬೇರೆಯಾಯಿತು. 0.006 ಎಂಬುದಾದರೋ ಅನುಭವದಿಂದ ತಯಾರಕರೇ ಮಾಡಿದ ತಿದ್ದುಪಡಿ. ತಾಳೆಗರಿಯ ಪ್ರತಿಗಳನ್ನು ಪರಿಷ್ಕರಿಸುವ ವಿದ್ವಾಂಸರು ಪಾಠಾಂತರವನ್ನೂ ಲಿಪಿಕಾರನ ದೋಷವನ್ನೂ ಬೇರೆ ಬೇರೆಯಾಗಿ ಎಣಿಸುತ್ತಾರಷ್ಟೆ. ಕೈಪಿಡಿಗಳ ವಿಷಯದಲ್ಲಿಯೂ ಈ ವಿವೇಕ ಬೇಕು. ಹೊಸ ಪುಸ್ತಕವೇ ಯಾವಾಗಲೂ ಪ್ರಮಾಣವೆಂಬ ವಾದವನ್ನು ನಾವು ಒಪ್ಪಲಾರೆವು. ಉದ್ದ ಸ್ಟಡ್‌ನ ಎಂಜಿನ್ನಿಗೆ ಹೊಸ ಪುಸ್ತಕದ ಕಿರಿದಾದ ಸಂದನ್ನು ಅನ್ವಯಿಸಿದವನು ಕವಾಟವನ್ನೇ ಕಳೆದುಕೊಳ್ಳಬಹುದು.

ಇನ್ನು ನಿಜವಾದ ದೋಷಗಳು. ಇವು ಹೆಚ್ಚಾಗಿ ಹುಟ್ಟುವುದು ಮಾನಗಳನ್ನು ಪರಿವರ್ತಿಸುವಾಗ. ಬೀಟಲ್‌ಗೆ ಹಿಡಿಸುವ ಎಣ್ಣೆ 2.5 ಲೀಟರ್. ಬ್ರಿಟನ್ನಿನ ಪೈಂಟಿನಲ್ಲಿ ಇದು 4.4, ಅಮೆರಿಕದ ಪೈಂಟಿನಲ್ಲಿ 5.3. ಮೊದಲನೆಯದು ಸುಮಾರು 568 ಮಿಲಿಲೀಟರ್, ಎರಡನೆಯದು 473. ಯಾವ ದೇಶದ್ದೆಂದು ಹೇಳದೆ '5.3 ಪೈಂಟ್' ಎಂದಷ್ಟೇ ಅಚ್ಚಾದರೆ, ಬ್ರಿಟಿಷ್ ಅಳತೆಯವನು ಅರ್ಧ ಲೀಟರ್ ಎಣ್ಣೆಯನ್ನು ಹೆಚ್ಚಾಗಿ ತುಂಬುತ್ತಾನೆ. ಎಣ್ಣೆಯ ಜರಡಿಯ ಮುಚ್ಚಳದ ಪುಟ್ಟ ನಟ್ಟುಗಳನ್ನು ಬಿಗಿಯಬೇಕಾದ ಪ್ರಮಾಣ 0.7 ಕಿಲೋಗ್ರಾಂ-ಮೀಟರ್. ಇಲ್ಲಿ ದಶಮಾಂಶದ ಚುಕ್ಕೆಯೊಂದು ಅಳಿಸಿಹೋದರೆ ಬಿಗಿತ ಹತ್ತು ಪಟ್ಟಾಗಿ ಸ್ಟಡ್ಡೇ ಕಿತ್ತುಬರುತ್ತದೆ. ಹಳೆಯ ಪುಟಗಳನ್ನು ಯಂತ್ರದಿಂದ ಪ್ರತಿಮಾಡಿ ಹಂಚುವ ಈ ಕಾಲದಲ್ಲಿ ಮಸುಕಾದ ಚುಕ್ಕೆಯ ಅಪಾಯ ಕಡಿಮೆಯಾಗಿಲ್ಲ.

ಹುಸಿ ನಿಖರತೆಯೂ ಒಂದು ದೋಷವೇ. ಹಿಂದಿನ ಅಚ್ಚಿನ ದೊಡ್ಡ ನಟ್ಟಿಗೆ ಇಂಗ್ಲಿಷ್ ಕೈಪಿಡಿಗಳು 217 ಪೌಂಡ್-ಅಡಿ ಎನ್ನುತ್ತವೆ. 216 ಏಕಾಗಬಾರದು, 220 ಏಕಾಗಬಾರದು ಎಂದು ಓದುಗನು ಬೆರಗಾಗಬಹುದು. ಮೂಲದಲ್ಲಿದ್ದುದು 30 ಕಿಲೋಗ್ರಾಂ-ಮೀಟರ್ ಎಂಬ ದುಂಡು ಸಂಖ್ಯೆ. ಒಂದು ಕಿಲೋಗ್ರಾಂ-ಮೀಟರಿಗೆ 7.233 ಪೌಂಡ್-ಅಡಿಯಂತೆ ಗುಣಿಸಿದಾಗ 217 ಬಂದಿತು. ಅಷ್ಟೆ! ಅಂಕಿಯ ಹುಟ್ಟನ್ನು ಅರಿತವನು ಅದಕ್ಕೆ ಅತಿಯಾದ ಗೌರವವನ್ನು ಕೊಡುವುದಿಲ್ಲ. ಹಾಗೆಂದು ಅದನ್ನು ಕಡೆಗಣಿಸುವುದೂ ಇಲ್ಲ. ಏಕೆಂದರೆ ಆ ನಟ್ಟು ಸಡಿಲವಾದರೆ ಅಪಾಯಕ್ಕೊಳಗಾಗುವುದು ಕಾರಿನಲ್ಲಿ ಕುಳಿತವರ ಪ್ರಾಣ.

ಪದಗಳೂ ದಾರಿ ತಪ್ಪಿಸುತ್ತವೆ. ಬೀಟಲ್‌ನ ಎಂಜಿನ್ ಇರುವುದು ಹಿಂಭಾಗದಲ್ಲಿ. ಕೈಪಿಡಿಯಲ್ಲಿ 'ಮುಂದಿನ ಸಿಲಿಂಡರ್' ಎಂದರೆ ಕಾರು ಚಲಿಸುವ ದಿಕ್ಕಿಗೆ ಮುಂದಿನದು. ಹಿಂದೆ ನಿಂತು ಬಗ್ಗಿ ನೋಡುವ ಕೆಲಸಗಾರನಿಗೆ ಅದು ದೂರದ್ದು. ಮೂರನೆಯ ಸಿಲಿಂಡರ್ ಎಡಗಡೆಯ ಮುಂದಿನದು, ನಾಲ್ಕನೆಯದು ಎಡಗಡೆಯ ಹಿಂದಿನದು. 'ಮುಂದೆ' ಎಂಬ ಒಂದು ಮಾತನ್ನು ಬೇರೆಯಾಗಿ ಗ್ರಹಿಸಿದರೆ ಈ ಎರಡೂ ಅದಲುಬದಲಾಗುತ್ತವೆ.

ಹಾಗಾದರೆ ಕೈಪಿಡಿಗಳನ್ನು ತಿರಸ್ಕರಿಸಬೇಕೆ? ಖಂಡಿತ ಕೂಡದು. ಪುಸ್ತಕವನ್ನು ಬದಿಗಿಟ್ಟು ಕೈರೂಢಿಯೊಂದನ್ನೇ ನೆಚ್ಚುವವನು ಒಂದು ಕುರುಡು ನಂಬಿಕೆಯನ್ನು ಬಿಟ್ಟು ಇನ್ನೊಂದನ್ನು ಹಿಡಿದಂತಾಗುತ್ತದೆ. ಪ್ರತಿ ಅಂಕಿಗೂ ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ನಾವು ಸೂಚಿಸುತ್ತೇವೆ. ಇದು ಯಾವ ಎಂಜಿನ್ನಿಗೆ ಹೇಳಿದ್ದು? ಹಳೆಯ ಕಾರುಗಳಲ್ಲಿ ಎಂಜಿನ್ನೇ ಬದಲಾಗಿರುವುದುಂಟಾದ್ದರಿಂದ ಕಾರಿನ ವರ್ಷವನ್ನು ನೋಡಿದರೆ ಸಾಲದು, ಎಂಜಿನ್ನಿನ ಸಂಖ್ಯೆಯನ್ನೂ ನೋಡಬೇಕು. ಇದು ಯಾವ ಮಾನದಲ್ಲಿದೆ, ಮೂಲದಲ್ಲಿ ಯಾವ ಮಾನದಲ್ಲಿತ್ತು? ಈ ಅಳತೆಗೆ ಕಾರಣವೇನು? ಕಾರಣ ತಿಳಿದವನಿಗೆ ಅಸಂಗತವಾದ ಅಂಕಿ ತಾನಾಗಿಯೇ ಕಣ್ಣಿಗೆ ಬೀಳುತ್ತದೆ.

ಪ್ರಕಾಶಕರ ಕರ್ತವ್ಯವೂ ಇದೆ. ಅಳತೆಯನ್ನು ಬದಲಿಸಿದಾಗ ಹಳೆಯದನ್ನು ಸದ್ದಿಲ್ಲದೆ ಅಳಿಸದೆ, ಯಾವ ದಿನಾಂಕದಿಂದ, ಯಾವ ಸಂಖ್ಯೆಯ ಎಂಜಿನ್ನಿನಿಂದ, ಯಾವ ಕಾರಣಕ್ಕಾಗಿ ಬದಲಿಸಲಾಯಿತೆಂದು ಮುದ್ರಿಸಬೇಕು. ಒಪ್ಪೋಲೆಯನ್ನು ಪುಸ್ತಕದ ಕೊನೆಯಲ್ಲಿ ಅಡಗಿಸದೆ ಆಯಾ ಪುಟದಲ್ಲಿಯೇ ಕೊಡಬೇಕು. ವಿದ್ಯಾರ್ಥಿಗಳಾದರೋ ಪ್ರಯೋಗಶಾಲೆಯ ಪುಸ್ತಕವನ್ನು ಓದುವಾಗ ಪೆನ್ಸಿಲನ್ನು ಕೈಯಲ್ಲಿ ಹಿಡಿದಿರಲಿ. ತಾವು ಅಳೆದು ಕಂಡದ್ದು ಅಚ್ಚಿನ ಅಂಕಿಗೆ ಹೊಂದದಿದ್ದರೆ ಅದನ್ನು ದಿನಾಂಕ ಸಹಿತ ಪುಟದ ಅಂಚಿನಲ್ಲಿ ಬರೆದಿಡಲಿ. ಅದೇ ಪುಸ್ತಕವನ್ನು ಮುಂದೆ ತೆರೆಯುವವರಿಗೆ ಆ ಎರಡು ಸಾಲು ಬಹಳ ನೆರವಾಗುತ್ತದೆ.