ಕೋಟು ಬಿಚ್ಚಿಸಿದವರೇ "ಕೋಟು ಎಲ್ಲಿ?" ಅಂದರೆ

1/4
ಪ್ಲೇಸ್‌ಮೆಂಟ್ ಸೀಸನ್ ಶುರುವಾಗಿದೆ. ಕ್ಲಾಸ್ ಗ್ರೂಪಿನಲ್ಲಿ ದಿನಾ ಒಂದೇ ಮಾತು: "ಕೋರ್ಟಿಗೆ ಯಾರು ಅಲೀತಾರೆ ಮಾರಾಯಾ, ಇನ್‌ಹೌಸ್ ಸೇರ್ಕೊಂಡ್ರೆ ತಿಂಗಳಾ ಸಂಬಳ, ಶನಿವಾರ ರಜೆ." ಸೇರ್ಕೊಳ್ಳಿ, ಬೇಡ ಅನ್ನಲ್ಲ. (ಶನಿವಾರದ ರಜೆ ಮಾತ್ರ ನಂಬಬೇಡಿ.) ಆದರೆ ಆಫರ್ ಲೆಟರಿನಲ್ಲಿ ಬರೆಯದ ಒಂದು ವಿಷಯ ಇದೆ. ನಾಳೆ ನಿಮ್ಮ ಕಂಪನಿಯ ಮ್ಯಾನೇಜರ್ ಟೇಬಲ್ ಹತ್ರ ಬಂದು, "ಲಾಯರೇ, ಒಂದು ಎಡವಟ್ಟಾಗಿದೆ" ಅಂತ ಹೇಳಿಕೊಂಡರೆ, ಆ ಮಾತು ನಮ್ಮಿಬ್ಬರಲ್ಲೇ ಇರುತ್ತೆ ಅಂತ ನೀವು ಭರವಸೆ ಕೊಡೋ ಹಾಗಿಲ್ಲ. ಅವರೇ ಹೋಗಿ ಅದೇ ಮಾತನ್ನು ಹೈಕೋರ್ಟ್ ಹತ್ತಿರದ ಯಾವುದೋ ಚೇಂಬರಿನಲ್ಲಿ ಹೇಳಿದರೆ ಅದು ಗುಟ್ಟು. ಓದಿದ್ದು ಒಂದೇ ಎಲ್‌ಎಲ್‌ಬಿ, ಬರೆದದ್ದು ಒಂದೇ ಸಾಕ್ಷ್ಯ ಕಾನೂನಿನ ಪೇಪರು.

2/4
ಹಿನ್ನೆಲೆ ಬೇಗ ಮುಗಿಸ್ತೀನಿ. 2025ರ ಜೂನ್‌ನಲ್ಲಿ ಇ.ಡಿ.ಯವರು ಸೀನಿಯರ್ ವಕೀಲರಾದ ಅರವಿಂದ್ ದಾತಾರ್ ಮತ್ತು ಪ್ರತಾಪ್ ವೇಣುಗೋಪಾಲ್ ಅವರಿಗೆ ಸಮನ್ಸ್ ಕಳಿಸಿದರು. ಒಂದು ವಿಮಾ ಕಂಪನಿಯ ಷೇರು ಹಂಚಿಕೆ ಬಗ್ಗೆ ಕೊಟ್ಟ ಕಾನೂನು ಅಭಿಪ್ರಾಯ ಅದಕ್ಕೆ ಕಾರಣ. ದೇಶದ ವಕೀಲರೆಲ್ಲ ಸಿಡಿದೆದ್ದ ಮೇಲೆ ಸಮನ್ಸ್ ವಾಪಸ್ ಆಯ್ತು. ಅದೇ ಸಮಯಕ್ಕೆ ಗುಜರಾತಿನ ಒಬ್ಬ ವಕೀಲರಿಗೆ ಪೊಲೀಸರು ಕೊಟ್ಟ ನೋಟಿಸ್ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕೋರ್ಟು ಸ್ವಯಂಪ್ರೇರಿತವಾಗಿ ವಿಷಯ ಕೈಗೆತ್ತಿಕೊಂಡಿತು.

ಅಕ್ಟೋಬರ್ 31ರಂದು ತೀರ್ಪು. ವಕೀಲರ ಪಾಲಿಗೆ ಒಳ್ಳೇ ತೀರ್ಪೇ: ಕಾನೂನಿನಲ್ಲಿರುವ ವಿನಾಯಿತಿಗಳಿಗೆ ಬೀಳದ ಹೊರತು ಕಕ್ಷಿದಾರನ ವಿಷಯ ಕೆದಕಲು ವಕೀಲರನ್ನು ಕರೆಸುವಂತಿಲ್ಲ, ಕರೆಸಬೇಕಾದರೂ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಲಿಖಿತ ಒಪ್ಪಿಗೆ ಬೇಕು. ಚಪ್ಪಾಳೆ. ಆದರೆ ಅದೇ ತೀರ್ಪಿನ ಕೊನೆಯ ಕಡೆ ಇನ್‌ಹೌಸ್ ಲಾಯರ್‌ಗಳನ್ನು ಬಾಗಿಲ ಹೊರಗೆ ನಿಲ್ಲಿಸಿಬಿಟ್ಟರು. ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್ನಿನ ರಕ್ಷಣೆ ಅವರಿಗಿಲ್ಲ, ಯಾಕಂದ್ರೆ ಅವರು ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುವ ಅಡ್ವೊಕೇಟ್ ಅಲ್ಲ. ಕಂಪನಿಯ ಹೊರಗಿನ ವಕೀಲರಿಗೆ ಅವರು ಬರೆದದ್ದಕ್ಕೆ 134ರಲ್ಲಿ ರಕ್ಷಣೆ ಉಂಟು. ಕಂಪನಿಯವರು ಅವರ ಜೊತೆ ಮಾತಾಡಿದ್ದಕ್ಕೆ ಇಲ್ಲ.

3/4
ಈಗ ನನ್ನ ಸಿಟ್ಟಿನ ವಿಷಯ. ಇನ್‌ಹೌಸ್ ಲಾಯರ್ ಯಾಕೆ ಅಡ್ವೊಕೇಟ್ ಅಲ್ಲ? ಅವರಿಗೆ ಇಷ್ಟ ಇಲ್ಲ ಅಂತಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ 49 ಹೇಳುತ್ತೆ: ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿದರೆ ರಾಜ್ಯ ಬಾರ್ ಕೌನ್ಸಿಲ್‌ಗೆ ತಿಳಿಸಿ ಪ್ರಾಕ್ಟೀಸ್ ನಿಲ್ಲಿಸಬೇಕು. ಹಿಮಾಚಲದ ವಿದ್ಯುತ್ ಮಂಡಳಿಯ ಕಾನೂನು ಅಧಿಕಾರಿಯೊಬ್ಬರ ಎನ್‌ರೋಲ್‌ಮೆಂಟ್ ಕಿತ್ತುಕೊಂಡದ್ದನ್ನು 2001ರಲ್ಲಿ ಸುಪ್ರೀಂ ಕೋರ್ಟೇ ಸರಿ ಅಂದಿತ್ತು. ಅಂದ್ರೆ ಮೊದಲು ನಿಯಮ ತೋರಿಸಿ ಕರಿಕೋಟು ಬಿಚ್ಚಿಸೋದು, ಆಮೇಲೆ "ಕೋಟು ಹಾಕಿಲ್ವಲ್ಲ, ಆಚೆ ನಡಿ" ಅನ್ನೋದು.

132ನೇ ಸೆಕ್ಷನ್ "ಅಡ್ವೊಕೇಟ್" ಅನ್ನುತ್ತೆ, ಒಪ್ಪಿದೆ. ಆದರೆ 134 ಆ ಪದ ಬಳಸಲ್ಲ, "ಕಾನೂನು ಸಲಹೆಗಾರ" ಅನ್ನುತ್ತೆ. ಎರಡು ಸೆಕ್ಷನ್, ಎರಡು ಪದ. ಶಾಸಕರು ಸುಮ್ಮನೆ ಬದಲಾಯಿಸಿದ್ರಾ? ದಿನಾ ಬೆಳಗಿನಿಂದ ಸಂಜೆವರೆಗೆ ಕಾನೂನು ಸಲಹೆ ಕೊಡುವ ಮನುಷ್ಯ ಕಾನೂನು ಸಲಹೆಗಾರ ಅಲ್ಲ ಅಂತ ಹೇಳೋಕೆ ಎಷ್ಟು ಕಸರತ್ತು ಬೇಕು ನೋಡಿ.

ಇದು ಬರೀ ಮಾನದ ಪ್ರಶ್ನೆ ಆಗಿದ್ರೆ ನಾನು ಇಷ್ಟು ಬರೀತಿರಲಿಲ್ಲ. ಬೆಂಗಳೂರಿನ ಒಂದು ಚಿಕ್ಕ ಸ್ಟಾರ್ಟಪ್ ಊಹಿಸಿಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಗ್ರಾಹಕರ ಡೇಟಾ ಸೋರಿದೆ. ಸರ್ಟ್-ಇನ್‌ನ 2022ರ ನಿರ್ದೇಶನದ ಪ್ರಕಾರ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು. 2023ರ ಡೇಟಾ ರಕ್ಷಣೆ ಕಾನೂನು ಪೂರ್ತಿ ಜಾರಿಗೆ ಬಂದಮೇಲೆ ಮಂಡಳಿಗೆ 72 ಗಂಟೆಯೊಳಗೆ ವಿವರ. ಭದ್ರತೆಯಲ್ಲಿ ಲೋಪ ಅಂದ್ರೆ ದಂಡ 250 ಕೋಟಿ ರೂಪಾಯಿವರೆಗೆ. ಆಗ ಲಾಯರಮ್ಮ ಎಂಜಿನಿಯರಿಗೆ ಕೇಳೋ ಮೊದಲ ಪ್ರಶ್ನೆ, "ನಿಜ ಹೇಳು, ಏನಾಯ್ತು?" ಅವನು ಬೆರಳನ್ನ ಕೀಬೋರ್ಡ್ ಮೇಲಿಟ್ಟು ಯೋಚಿಸ್ತಾನೆ. "ಪ್ಯಾಚ್ ಹಾಕೋದು ಮರೆತಿದ್ದೆ" ಅಂತ ಟೈಪ್ ಮಾಡಿದರೆ ನಾಳೆ ಅದೇ ಮೆಸೇಜು ಕಂಪನಿ ವಿರುದ್ಧದ ಫೈಲಿನ ಮೊದಲ ಪುಟ. ಹಾಗಾಗಿ ಬರೀತಾನೆ: "ಕಾಲ್ ಮಾಡ್ತೀನಿ." ಕಾಲ್‌ನಲ್ಲೂ ಅರ್ಧ ಸತ್ಯ. ಇತ್ತ ಗಡಿಯಾರ ಓಡ್ತಾ ಇದೆ. ಅತ್ತ ದರಿ, ಇತ್ತ ಪುಲಿ.

ನಿಯಂತ್ರಕರಿಗೆ ಬೇಕಾಗಿದ್ದು ಇದೇನಾ? ಕಂಪನಿಯೊಳಗೆ ತಪ್ಪನ್ನು ಮೊದಲು ಹಿಡಿಯಬೇಕಾದವರ ಕಿವಿಗೇ ಸತ್ಯ ಬೀಳಬಾರದು ಅಂತಾನಾ?

ದೊಡ್ಡ ಕಂಪನಿಗಳಿಗೆ ಇದೊಂದು ತೊಂದರೆಯೇ ಅಲ್ಲ. ಸೂಕ್ಷ್ಮ ವಿಷಯ ಬಂದ ತಕ್ಷಣ ಗಂಟೆ ಲೆಕ್ಕದಲ್ಲಿ ಬಿಲ್ ಹಾಕುವ ಲಾ ಫರ್ಮಿಗೆ ಫೋನು. ಪೆಟ್ಟು ಬೀಳೋದು ಒಬ್ಬರೇ ಲಾಯರ್ ಇಟ್ಟುಕೊಂಡ ಸಣ್ಣವರಿಗೆ. (ಹೊರಗಿನ ವಕೀಲರನ್ನ ಸುಮ್ಮನೆ ಸಿಸಿಯಲ್ಲಿ ಹಾಕಿದರೆ ಆಯ್ತು ಅಂತ ಕೆಲವರು ಹೇಳಿಕೊಡ್ತಾರೆ. ಸಿಸಿ ಅನ್ನೋದು ತಾಯತ ಅಲ್ಲ ಮಾರಾಯ್ರೇ.)

4/4
ಎದುರು ವಾದ ಗೊತ್ತು, ಹಗುರವಾಗಿ ತಗೊಳ್ಳೋದೂ ಇಲ್ಲ. ಸಂಬಳ ಕೊಡುವ ಧಣಿಗೆ "ಇದು ತಪ್ಪು" ಅನ್ನೋ ಧೈರ್ಯ ನೌಕರನಿಗೆ ಎಲ್ಲಿ ಬರುತ್ತೆ ಅಂತ. ಯುರೋಪಿನ ಕೋರ್ಟು 2010ರ ಅಕ್ಜೋ ನೊಬೆಲ್ ಕೇಸಿನಲ್ಲಿ ಹೇಳಿದ್ದೂ ಇದನ್ನೇ. ಆದರೆ ಅಮೆರಿಕದಲ್ಲಿ 1981ರ ಅಪ್‌ಜಾನ್ ಕೇಸು ನೋಡಿ: ನೌಕರರು ಕಂಪನಿಯ ಒಳಗಿನ ಲಾಯರಿಗೆ ಹೇಳಿದ್ದಕ್ಕೂ ರಕ್ಷಣೆ ಸಿಕ್ಕಿತು. ಇಂಗ್ಲೆಂಡಿನ ಕೋರ್ಟುಗಳು 1972ರಲ್ಲೇ ಒಳಗಿನ, ಹೊರಗಿನ ಲಾಯರಿಗೆ ಭೇದ ಮಾಡಲಿಲ್ಲ. ಅಲ್ಲೇನು ಆಕಾಶ ಕಳಚಿ ಬಿತ್ತಾ?

ಆದಾಯದ ಮುಕ್ಕಾಲು ಪಾಲು ಒಂದೇ ಕಂಪನಿಯಿಂದ ಬರುವ ಹೊರಗಿನ ವಕೀಲ ಮಹಾ ಸ್ವತಂತ್ರ ಅಂತ ಯಾರು ಹೇಳಿದ್ರು? ಇನ್ನು ಕಳ್ಳತನ ಮುಚ್ಚೋಕೆ ಇದನ್ನ ಬಳಸ್ತಾರೆ ಅನ್ನೋ ಭಯ. ಅಕ್ರಮ ಉದ್ದೇಶಕ್ಕಾಗಿ ಆಡಿದ ಮಾತಿಗೆ 132ರಲ್ಲಿ ಯಾರಿಗೂ ರಕ್ಷಣೆ ಇಲ್ಲ. ಆ ವಿನಾಯಿತಿಯನ್ನ ಇವರಿಗೂ ಹಾಗೇ ಅಂಟಿಸಿ.

ಸ್ವಾತಂತ್ರ್ಯ ಸಾಲದು ಅನ್ನೋದಾದ್ರೆ ಸ್ವಾತಂತ್ರ್ಯ ಕೊಡಿ. ಬಾರ್ ಕೌನ್ಸಿಲ್ ಇವರಿಗೆ ಬೇರೆ ಪಟ್ಟಿ ಮಾಡಲಿ, ಶಿಸ್ತು ನಿಯಮ ಹಾಕಲಿ, ಕೋರ್ಟಿನಲ್ಲಿ ವಾದಿಸೋದು ಬೇಡ ಅನ್ನಲಿ. ತಪ್ಪಿದರೆ ಹೆಸರು ಹೊಡೆಯಲಿ. ಸಂಸತ್ತು 134ಕ್ಕೆ ಒಂದು ಸಾಲಿನ ವಿವರಣೆ ಸೇರಿಸಲಿ.

ಅಲ್ಲಿವರೆಗೆ ಇಂಟರ್ವ್ಯೂನಲ್ಲಿ ಸಂಬಳ ಕೇಳಿದ ಮೇಲೆ ಇದನ್ನೂ ಕೇಳಿ: "ಕೆಟ್ಟ ಸುದ್ದಿ ಬಂದ ದಿನ ಹೊರಗಿನ ವಕೀಲರಿಗೆ ಫೋನ್ ಮಾಡೋಕೆ ನನಗೆ ಅಧಿಕಾರ ಇದೆಯಾ, ಇಲ್ಲ ಅದಕ್ಕೂ ಮೂರು ಅಪ್ರೂವಲ್ ಬೇಕಾ?"

ಇನ್‌ಹೌಸ್ ಇರುವ ಸೀನಿಯರ್ಸ್, ನಿಮ್ಮ ಅನುಭವ ಕಾಮೆಂಟಿನಲ್ಲಿ ಹಾಕಿ. ಕಂಪನಿ ಹೆಸರು ಬೇಡ. ಕಾಮೆಂಟಿಗೂ ರಕ್ಷಣೆ ಇಲ್ಲ.