ಆಮೆಯ ಬಾಯಿಗೆ ಬೆರಳು

ಆಮೆಗಿರುವಷ್ಟು ಒಳ್ಳೆಯ ಹೆಸರು ನಮ್ಮ ದೇಶದಲ್ಲಿ ಮತ್ತಾವ ಪ್ರಾಣಿಗೂ ಇಲ್ಲ. ಹಸುವನ್ನು ಪೂಜಿಸುವವರೂ ಅದು ಹಾಯುವುದುಂಟೆಂದು ಒಪ್ಪಿಕೊಳ್ಳುತ್ತಾರೆ. ಆನೆಗೆ ಮದವೇರುವುದು ಲೋಕವಿದಿತ. ಆಮೆಯಾದರೋ ಮಂದರಪರ್ವತವನ್ನು ಬೆನ್ನಮೇಲೆ ಹೊತ್ತೂ ಒಂದು ಸೊಲ್ಲೆತ್ತದ ಜೀವ. ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಸ್ಥಿತಪ್ರಜ್ಞನಿಗೊಂದು ಹೋಲಿಕೆ ಬೇಕಾದಾಗ ಒದಗಿದುದೂ ಅಂಗಾಂಗಗಳನ್ನು ಒಳಕ್ಕೆ ಸೆಳೆದುಕೊಳ್ಳುವ ಕೂರ್ಮವೇ. ಇಂಥ ಪ್ರಾಣಿ ಕಚ್ಚಿತೆಂದು ಮಗುವೊಂದು ಅಳುತ್ತ ಓಡಿಬಂದರೆ ಮನೆಯ ಹಿರಿಯರು ಮೊದಲಿಗೆ ನಂಬುವುದಿಲ್ಲ. “ನೀನೇನು ಮಾಡಿದೆ ಅದಕ್ಕೆ?” ಎಂಬುದೇ ಅವರ ಮೊದಲ ಪ್ರಶ್ನೆ.

ಪ್ರಶ್ನೆ ಒರಟಾದುದಾದರೂ ಅದರಲ್ಲಿ ಸತ್ಯಾಂಶವಿಲ್ಲದಿಲ್ಲ.

ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಕಾಣಬಹುದಾದ ಒಂದು ಮನೆಯನ್ನು ಊಹಿಸಿಕೊಂಡರೆ ಸಾಕು. ಏಳು ವರ್ಷದ ಹುಡುಗ. ಹುಟ್ಟುಹಬ್ಬಕ್ಕೆ ನಾಯಿಮರಿ ಬೇಕೆಂದು ಅವನ ಹಟ. ಬೇಡವೆಂದು ತಾಯಿಯ ಹಟ. ಕೊನೆಗೆ ಸಂಧಾನವಾಗಿ ತಂದೆ ಬಣ್ಣದ ಮೀನಿನ ಅಂಗಡಿಯಿಂದ ಎರಡು ಆಮೆಮರಿಗಳನ್ನು ತರುತ್ತಾನೆ. ಅಂಗೈಯಲ್ಲಿ ನಾಣ್ಯದಂತೆ ಕೂರುವ, ಹಸಿರು ಚಿಪ್ಪಿನ, ಕಣ್ಣಿನ ಹಿಂದೆ ಕೆಂಪು ಪಟ್ಟೆಯುಳ್ಳ ಮರಿಗಳು. ಒಂದು ಗಂಡು, ಒಂದು ಹೆಣ್ಣು ಎಂದು ಅಂಗಡಿಯವನು ಹೇಳಿರುತ್ತಾನೆ. ಆ ವಯಸ್ಸಿನ ಮರಿಯ ಮೈ ನೋಡಿ ಗಂಡು ಹೆಣ್ಣೆಂದು ಹೇಳಬಲ್ಲವರು ಯಾರೂ ಇಲ್ಲ. ಆದುದರಿಂದ ಆ ಮಾತನ್ನು ಕವಿಸಮಯವೆಂದೇ ತಿಳಿಯಬೇಕು. ದೊಡ್ಡದಾಗುತ್ತವೆಯೇ ಎಂದು ತಾಯಿ ಕೇಳಿದ್ದಕ್ಕೆ, ‘ಇಲ್ಲಮ್ಮ, ಇಷ್ಟೇ’ ಎಂದಿರುತ್ತಾನೆ. ಇದು ಕವಿಸಮಯವೂ ಅಲ್ಲ, ಶುದ್ಧ ಸುಳ್ಳು.

ಈ ಆಮೆ ನಮ್ಮ ನಾಡಿನದಲ್ಲ. ಇಂಗ್ಲಿಷಿನಲ್ಲಿ ‘ರೆಡ್ ಇಯರ್ಡ್ ಸ್ಲೈಡರ್’ ಎಂದು ಕರೆಯುವ ಇದರ ತವರು ಅಮೆರಿಕದ ಮಿಸಿಸಿಪ್ಪಿ ನದಿಯ ಬಯಲು. ಕೆಂಗಿವಿಯ ಆಮೆಯೆಂದು ಕನ್ನಡಿಸಬಹುದು, ಆ ಕೆಂಪು ಅದರ ಕಿವಿಯಲ್ಲದಿದ್ದರೂ. ಹೆಣ್ಣಾದರೆ ಅದರ ಚಿಪ್ಪು ಇಪ್ಪತ್ತೈದು ಸೆಂಟಿಮೀಟರನ್ನು ಮೀರಿ, ಅಡಿಗೆಮನೆಯ ಊಟದ ತಟ್ಟೆಯಷ್ಟಾಗುವುದುಂಟು. ಚೆನ್ನಾಗಿ ಸಾಕಿದರೆ ಇಪ್ಪತ್ತು ಮೂವತ್ತು ವರ್ಷ ಬಾಳುತ್ತದೆ. ಏಳು ವರ್ಷದ ಹುಡುಗನಿಗೆಂದು ತಂದುದು ಅವನ ಮದುವೆಯ ಕಾಲಕ್ಕೂ ತೊಟ್ಟಿಯಲ್ಲಿ ಈಜುತ್ತಿರಬಹುದು.

ಮೊದಲ ಕೆಲವು ತಿಂಗಳು ಸುಖವಾಗಿ ಕಳೆಯುತ್ತವೆ. ಹುಡುಗ ಡಬ್ಬಿಯಿಂದ ಗುಳಿಗೆಗಳನ್ನು ತೆಗೆದು ಎರಡು ಬೆರಳುಗಳ ನಡುವೆ ಹಿಡಿದು ನೀರಿನ ಮೇಲೆ ತೋರಿಸುತ್ತಾನೆ, ಮರಿಗಳು ಕತ್ತು ನೀಡಿ ಕಸಿದುಕೊಳ್ಳುತ್ತವೆ, ಮನೆಮಂದಿಯೆಲ್ಲ ನಗುತ್ತಾರೆ. (ಶುದ್ಧ ಸಸ್ಯಾಹಾರಿಗಳ ಮನೆಯಲ್ಲಿ ಆ ಗುಳಿಗೆಗಳಲ್ಲಿ ಮೀನಿನ ಪುಡಿಯಿರುತ್ತದೆಂಬುದನ್ನು ಅಜ್ಜಿಗೆ ಯಾರೂ ಓದಿ ಹೇಳಿರುವುದಿಲ್ಲ.) ಒಂದು ದಿನ ಗುಳಿಗೆಯೊಡನೆ ಬೆರಳಿನ ತುದಿಯೂ ಬಾಯಿಗೆ ಸಿಕ್ಕುತ್ತದೆ.

ಆಮೆಗೆ ಹಲ್ಲಿಲ್ಲ. ಬಹು ಪ್ರಾಚೀನ ಕಾಲದಲ್ಲಿ ಇದ್ದಿತು. ಚೀನಾದಲ್ಲಿ ದೊರೆತು 2008ರಲ್ಲಿ ವಿಜ್ಞಾನಿಗಳು ವರ್ಣಿಸಿದ, ಸುಮಾರು ಇಪ್ಪತ್ತೆರಡು ಕೋಟಿ ವರ್ಷಗಳಷ್ಟು ಹಳೆಯ ಆಮೆಯ ಪಳೆಯುಳಿಕೆಯಲ್ಲಿ ಹಲ್ಲುಗಳು ಸ್ಪಷ್ಟವಾಗಿ ಕಾಣುತ್ತವೆ. ಇಂದಿನ ಆಮೆಗೆ ಹಕ್ಕಿಯ ಕೊಕ್ಕಿನಂತೆ ಕೊಂಬಿನ ಪದಾರ್ಥದಿಂದಾದ ದವಡೆಯಂಚು ಇದೆ. ಮರಿಯದು ಚಿವುಟಿದಂತೆ ನೋಯುತ್ತದೆ, ಅಷ್ಟೆ. ಬೆಳೆದುದರದು ಚರ್ಮವನ್ನು ಕತ್ತರಿಸಬಲ್ಲುದು.

ಕಚ್ಚಿದುದೇಕೆ? ದ್ವೇಷದಿಂದಂತೂ ಅಲ್ಲ. ಕೆಂಗಿವಿಯ ಆಮೆಯ ಕಣ್ಣು ಬಹಳ ಚುರುಕು. ಬಣ್ಣಗಳನ್ನು, ಅದರಲ್ಲಿಯೂ ಕೆಂಪನ್ನು, ಅದು ಚೆನ್ನಾಗಿ ಗುರುತಿಸುತ್ತದೆ. ನೆನಪೂ ಒಳ್ಳೆಯದೇ. ದಿನಕ್ಕೆರಡು ಸಲ ಬೆರಳಿನ ತುದಿಯಲ್ಲಿ ಅನ್ನ ಪ್ರತ್ಯಕ್ಷವಾಗುವುದನ್ನು ತಿಂಗಳುಗಟ್ಟಲೆ ಕಂಡ ಪ್ರಾಣಿ, ಬೆರಳೆಂದರೆ ಅನ್ನವೆಂದು ತೀರ್ಮಾನಿಸುವುದರಲ್ಲಿ ತರ್ಕದೋಷವೇನೂ ಇಲ್ಲ. ಪಾಠ ಹೇಳಿದವನು ಹುಡುಗ; ವಿದ್ಯಾರ್ಥಿ ಚೆನ್ನಾಗಿ ಕಲಿತಿದೆ. ಮೀನನ್ನೋ ಒಣಸೀಗಡಿಯನ್ನೋ ಮುಟ್ಟಿ ತೊಳೆಯದ ಕೈಯನ್ನು ನೀರಿಗೆ ಇಳಿಸಿದರಂತೂ ಸಂದೇಹಕ್ಕೆ ಅವಕಾಶವೇ ಇರುವುದಿಲ್ಲ.

ಆದುದರಿಂದ ಮದ್ದೂ ಪಾಠದಲ್ಲಿಯೇ ಇದೆ. ಕೈಯಿಂದ ಉಣಿಸುವುದನ್ನು ಅಂದೇ ನಿಲ್ಲಿಸಬೇಕು. ಉದ್ದನೆಯ ಮರದ ಇಕ್ಕುಳದಿಂದಲೋ ಸಣ್ಣ ಚಮಚದಿಂದಲೋ ಆಹಾರವನ್ನು ನೀರಿಗೆ ಬಿಟ್ಟು ದೂರ ಸರಿಯಬೇಕು; ತೊಟ್ಟಿಯ ಒಂದೇ ಮೂಲೆಯಲ್ಲಿ, ಹೆಚ್ಚು ಕಡಿಮೆ ಒಂದೇ ಹೊತ್ತಿಗೆ. ಅನೇಕರು ಊಟಕ್ಕೆಂದೇ ನೀರು ತುಂಬಿದ ಬೇರೊಂದು ಬೋಗುಣಿಯನ್ನಿಡುತ್ತಾರೆ. ಮನೆಯ ತೊಟ್ಟಿಗೆ ಬರುವ ಕೈಗೂ ಊಟಕ್ಕೂ ಸಂಬಂಧವಿಲ್ಲವೆಂದು ಆಮೆ ಕ್ರಮೇಣ ತಿಳಿದುಕೊಳ್ಳುತ್ತದೆ. ಬೋಗುಣಿಯಲ್ಲಿ ನೀರಿರಲೇಬೇಕು, ಈ ಜಾತಿಯ ಆಮೆ ನೀರಿನೊಳಗಲ್ಲದೆ ತುತ್ತನ್ನು ನುಂಗಲಾರದು. ಮರಿಗಳಿಗೆ ಮಾಂಸಾಂಶ ಹೆಚ್ಚು ಬೇಕು. ಬೆಳೆದಂತೆಲ್ಲ ಅವು ಸೊಪ್ಪುಸದೆಗಳ ಕಡೆಗೆ ತಿರುಗುತ್ತವೆ, ದಿನ ಬಿಟ್ಟು ದಿನ ಉಂಡರೂ ಸಾಕಾಗುತ್ತದೆ. ಅನ್ನದ ಅಗುಳು, ಬ್ರೆಡ್ಡು, ಬಿಸ್ಕತ್ತುಗಳು ಪ್ರೀತಿಯ ಗುರುತುಗಳಾಗಬಹುದು, ಆಮೆಯ ಆಹಾರವಾಗಲಾರವು.

ಹಸಿವಿನ ತಪ್ಪುಕಲ್ಪನೆಯಿಂದ ಬರುವ ಕಡಿತಕ್ಕಿಂತ ಭಯದಿಂದ ಬರುವುದು ಬೇರೆ ಬಗೆಯದು. ನೆಂಟರ ಮಕ್ಕಳು ಬಂದ ದಿನ ಆಮೆಯನ್ನು ನೀರಿನಿಂದೆತ್ತಿ ಕೈಯಿಂದ ಕೈಗೆ ದಾಟಿಸುತ್ತಾರೆ. ಒಬ್ಬ ಅದರ ಬೆನ್ನಮೇಲೆ ತಬಲ ಬಾರಿಸುತ್ತಾನೆ. ಚಿಪ್ಪು ಆಮೆ ತೊಟ್ಟುಕೊಂಡ ಪೆಟ್ಟಿಗೆಯೆಂಬುದು ಬಹುಜನರ ನಂಬಿಕೆ. ವಾಸ್ತವವಾಗಿ ಅದರ ಬೆನ್ನೆಲುಬೂ ಪಕ್ಕೆಲುಬುಗಳೂ ಅಗಲವಾಗಿ ಬೆಸೆದುಕೊಂಡು ಆದುದೇ ಆ ಚಿಪ್ಪು. ಅದಕ್ಕೆ ನರಗಳಿವೆ, ಸ್ಪರ್ಶವೂ ನೋವೂ ತಿಳಿಯುತ್ತವೆ. ಇನ್ನು ಮೇಲಿನಿಂದ ಇಳಿದು ಬರುವ ಕೈ. ಮಿಸಿಸಿಪ್ಪಿಯ ಕೊಳಗಳಲ್ಲಿ ಆಮೆಮರಿಗೆ ಮೇಲಿನಿಂದ ಬರುವುದು ಬಕಪಕ್ಷಿಯ ಕೊಕ್ಕು. ಬೆಂಗಳೂರಿನ ತೊಟ್ಟಿಯಲ್ಲಿ ಬರುವುದು ಪ್ರೀತಿಯ ಕೈಯೆಂದು ಅದಕ್ಕೆ ತಿಳಿಸಿದವರಾರು? ಎತ್ತಲೇಬೇಕಾದರೆ ಅದಕ್ಕೆ ಕಾಣುವಂತೆ ಪಕ್ಕದಿಂದ ಮೆಲ್ಲನೆ ಕೈ ತಂದು, ಚಿಪ್ಪಿನ ಹಿಂಭಾಗವನ್ನು ಎರಡು ಕಡೆಯಿಂದ ಹಿಡಿದು, ಕೆಳಗೆ ಆಧಾರ ಕೊಟ್ಟು ಎತ್ತಬೇಕು. ಕತ್ತು ನಾವು ಎಣಿಸುವುದಕ್ಕಿಂತ ಉದ್ದವಾಗಿ ಚಾಚುತ್ತದೆ. ಅಗತ್ಯವಿಲ್ಲದಿದ್ದರೆ ಎತ್ತದಿರುವುದೇ ಲೇಸು. ಆಮೆ ನೋಡುವ ಪ್ರಾಣಿ, ಮುದ್ದಿಸುವ ಪ್ರಾಣಿಯಲ್ಲ.

ಎರಡು ಆಮೆಗಳು ಪರಸ್ಪರ ಕಚ್ಚುವುದಿದೆಯಲ್ಲ, ಅದು ಮನೆಯವರ ಗಮನಕ್ಕೆ ತಡವಾಗಿ ಬರುತ್ತದೆ. ಮೊದಲು ಬಾಲದ ತುದಿಯೊಂದು ಗಾಯವಾಗಿರುತ್ತದೆ. ಬೆಳೆದ ಗಂಡಿನ ಮುಂಗಾಲುಗಳ ಉಗುರು ಬಹು ನೀಳವಾದುವು; ಹೆಣ್ಣಿನ ಎದುರಿಗೆ ಬಂದು ಅದರ ಮುಖದ ಹತ್ತಿರ ಆ ಉಗುರುಗಳನ್ನು ಪಟಪಟನೆ ನಡುಗಿಸುತ್ತದೆ. ನೋಡಿದವರು ಚಾಮರ ಬೀಸುತ್ತಿದೆಯೆಂದು ಮೆಚ್ಚುತ್ತಾರೆ. ಆ ಪ್ರಣಯ ಫಲಿಸದಿದ್ದರೆ ಕತ್ತಿಗೂ ಕಾಲಿಗೂ ಕಚ್ಚುವ ಹಂತಕ್ಕೆ ಇಳಿಯುತ್ತದೆ. ಇಕ್ಕಟ್ಟಾದ ತೊಟ್ಟಿ, ಬಿಸಿಲು ಕಾಯಲು ಇರುವ ಒಂದೇ ಕಲ್ಲು, ಹಂಚಿಕೊಳ್ಳಬೇಕಾದ ಊಟ ಇವುಗಳಿಂದ ಇಬ್ಬರು ಗಂಡುಗಳ ನಡುವೆಯೂ ಕಲಹ ಹುಟ್ಟುತ್ತದೆ. ಸಣ್ಣ ಮನೆಯಲ್ಲಿ ಎರಡು ಸಂಸಾರಗಳಿದ್ದಂತೆ. ಪರಿಹಾರವೂ ಅದೇ: ಬೇರೆ ಮನೆ ಮಾಡಿಕೊಡುವುದು.

ಬೇಸಗೆಯಲ್ಲೆಲ್ಲ ಸೌಮ್ಯವಾಗಿದ್ದ ಆಮೆ ಇದ್ದಕ್ಕಿದ್ದಂತೆ ಕಚ್ಚತೊಡಗಿದರೆ ಅದನ್ನು ಬೈಯುವ ಬದಲು ಪರೀಕ್ಷಿಸಬೇಕು. ಊದಿದ ಕಣ್ಣು, ಮೆದುವಾದ ಅಥವಾ ಕೊಳೆಯುತ್ತಿರುವ ಚಿಪ್ಪು, ಮೂಗಿನಿಂದ ಸುರಿಯುವ ನೀರು ಇವು ರೋಗದ ಚಿಹ್ನೆಗಳು. ಹೆಣ್ಣು ಗಂಡಿನ ಸಂಗವಿಲ್ಲದೆಯೂ ಮೊಟ್ಟೆ ಕಟ್ಟುತ್ತದೆ. ಇಡಲು ಮಣ್ಣಿನ ಜಾಗ ಸಿಕ್ಕದೆ ಚಡಪಡಿಸುತ್ತದೆ, ಪಾರಾಗದಿದ್ದರೆ ಪ್ರಾಣಕ್ಕೇ ಸಂಚಕಾರ. ಇಂಥ ಹೊತ್ತಿನಲ್ಲಿ ಕಡಿತವೊಂದೇ ಅದಕ್ಕಿರುವ ಭಾಷೆ. ಕೇಳಬೇಕಾದವನು ಪಶುವೈದ್ಯ.

ಇರಲಿ, ಮತ್ತೆ ಹುಡುಗನ ಬೆರಳಿಗೆ ಬರೋಣ. ಪಂಚತಂತ್ರದ ಕಂಬುಗ್ರೀವ ಬಾಯಿ ತೆರೆದು ಕೆಟ್ಟಿತು. ಇಲ್ಲಿಯ ಸಂಕಟ ಆಮೆ ಬಾಯಿ ತೆರೆಯದಿರುವುದು. ತಂದೆ ಆಮೆಯನ್ನು ಹಿಡಿದು ಎಳೆಯುತ್ತಾನೆ, ಹುಡುಗ ಕೈ ಝಾಡಿಸುತ್ತಾನೆ. ಎರಡೂ ತಪ್ಪು. ಎಳೆದಷ್ಟೂ ಅದು ಬಿಗಿಯಾಗಿ ಕಚ್ಚುತ್ತದೆ, ಗಾಯ ಸೀಳುತ್ತದೆ, ಝಾಡಿಸಿದರೆ ಆಮೆ ನೆಲಕ್ಕಪ್ಪಳಿಸಿ ಚಿಪ್ಪು ಒಡೆಯಬಹುದು. ಕೈಯನ್ನು ಆಮೆಯ ಸಮೇತ ತೊಟ್ಟಿಯ ನೀರಿಗೆ ಇಳಿಸಿ ಅಲುಗದೆ ಹಿಡಿದರೆ, ಕಾಲಿಗೆ ನೀರು ಸೋಕಿದ ಆಮೆ ಈಜಿ ಪಾರಾಗುವ ಆಸೆಯಿಂದ ಸಾಮಾನ್ಯವಾಗಿ ತಾನೇ ಬಿಡುತ್ತದೆ.

ಆಮೇಲೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಚೆನ್ನಾಗಿ ತೊಳೆಯಬೇಕು. ಚರ್ಮ ಹರಿದಿದ್ದರೆ ವೈದ್ಯರಲ್ಲಿಗೆ ಹೋಗಿ ಧನುರ್ವಾಯುವಿನ ಚುಚ್ಚುಮದ್ದಿನ ವಿಷಯ ವಿಚಾರಿಸಬೇಕು. ನಾಯಿ ಕಚ್ಚಿದಾಗಿನ ಭಯವೊಂದು ಅಜ್ಜಿಯ ಮನಸ್ಸಿನಲ್ಲಿ ಸುಳಿಯುವುದು ಸಹಜ. ಹುಚ್ಚುನಾಯಿಯ ರೋಗ ಸಸ್ತನಿಗಳಿಂದ ಬರುವಂಥದು, ಆಮೆಯಿಂದ ಬರುವುದಿಲ್ಲ. ಅಂಜಬೇಕಾದುದು ಬೇರೆ ಇದೆ. ನೋಡಲು ಆರೋಗ್ಯವಾಗಿರುವ ಆಮೆಯ ಕರುಳಿನಲ್ಲಿಯೂ ಸಾಲ್ಮೊನೆಲ್ಲ ಎಂಬ ರೋಗಾಣು ವಾಸಿಸುತ್ತಿರಬಹುದು. ಅದು ಚಿಪ್ಪಿಗೂ ತೊಟ್ಟಿಯ ನೀರಿಗೂ ಹರಡುತ್ತದೆ. ಕಚ್ಚದೆಯೇ, ಮುಟ್ಟಿದ ಕೈಯನ್ನು ಬಾಯಿಗಿಟ್ಟುಕೊಂಡ ಮಾತ್ರಕ್ಕೆ, ಮಕ್ಕಳು ಜ್ವರಭೇದಿಗಳಿಂದ ಮಲಗುತ್ತಾರೆ. ಈ ಕಾರಣಕ್ಕಾಗಿಯೇ ಅಮೆರಿಕದ ಸರಕಾರ 1975ರಲ್ಲಿ ನಾಲ್ಕಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕುವುದಕ್ಕೆಂದು ಮಾರುವುದನ್ನು ನಿಷೇಧಿಸಿತು. ಐದು ವರ್ಷದೊಳಗಿನ ಕೂಸು, ಬಸುರಿ ಹೆಂಗಸು, ಬಹಳ ವಯಸ್ಸಾದವರು ಇರುವ ಮನೆಗೆ ಆಮೆ ತರದಿರುವುದು ವಿವೇಕ. ತೊಟ್ಟಿಯನ್ನು ಅಡಿಗೆಮನೆಯ ಬಚ್ಚಲಲ್ಲಿ ತೊಳೆಯುವುದಂತೂ ಎಂದಿಗೂ ಸಲ್ಲದು.

ಇಷ್ಟಾದ ಮೇಲೆ ಮನೆಯಲ್ಲಿ ಪಂಚಾಯಿತಿ ಸೇರುತ್ತದೆ. ರಕ್ತ ಕಂಡ ತಾಯಿ ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಾಳೆ: “ನಾಳೆಯೇ ಕೆರೆಗೆ ಬಿಟ್ಟುಬನ್ನಿ. ಅದಕ್ಕೂ ಸುಖ, ನಮಗೂ ಸುಖ.” ಮಾತು ಕೇಳುವುದಕ್ಕೆ ಕರುಣೆಯದಾಗಿಯೇ ಇದೆ, ಪುಣ್ಯವೂ ಬಂದಂತಾಯಿತೆಂದು ಅಜ್ಜಿ ಸೇರಿಸುತ್ತಾಳೆ. ಆದರೆ ಈ ಸಲಹೆಯೇ ಇಡೀ ಪ್ರಕರಣದಲ್ಲಿ ಅತ್ಯಂತ ಹಾನಿಕರವಾದುದು. ಲೋಕದ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಕೆಂಗಿವಿಯ ಆಮೆಯ ಹೆಸರಿದೆ. ಯೂರೋಪಿನ ಒಕ್ಕೂಟ 1997ರಲ್ಲಿ ಇದರ ಆಮದನ್ನು ತಡೆಯಿತು. ನಮ್ಮಲ್ಲಿಯೂ 2018ರಲ್ಲಿ ಗುವಾಹಟಿಯ ಉಗ್ರತಾರಾ ದೇವಾಲಯದ ಕೊಳದಲ್ಲಿ ಇದು ಕಂಡುಬಂದಿತು. ಅದೇ ವರ್ಷ ಕೇರಳದ ತ್ರಿಶೂರಿನ ಕಾಲುವೆಯೊಂದರಲ್ಲಿ. ಹೊಟ್ಟೆಬಾಕತನದಲ್ಲಿ ನಮ್ಮ ಕೆರೆಗಳ ಕಪ್ಪಾಮೆಯನ್ನೂ ಮೆದುಚಿಪ್ಪಿನ ಆಮೆಯನ್ನೂ ಹಿಂದಕ್ಕೆ ಹಾಕಿ, ಬಿಸಿಲು ಕಾಯುವ ಕಲ್ಲಿನಿಂದ ಅವನ್ನು ದೂಡಿ, ತನ್ನ ರೋಗಗಳನ್ನೂ ಅವುಗಳಿಗೆ ಅಂಟಿಸಬಲ್ಲ ಪ್ರಾಣಿಯಿದು. ಹಾಗಾದರೆ ಇದರ ಬದಲು ನಮ್ಮದೇ ಆಮೆಯನ್ನು ಸಾಕೋಣವೆನ್ನುವವರಿಗೆ ಕಾನೂನು ಅಡ್ಡಬರುತ್ತದೆ: ನಕ್ಷತ್ರದ ಆಮೆಯೇ ಮೊದಲಾದ ನಮ್ಮ ಕಾಡುಕೆರೆಗಳ ಆಮೆಗಳನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧ.

ಹೀಗೆ ಕೊಳ್ಳುವಾಗ ಸುಲಭವಾಗಿದ್ದುದು ಕಳೆಯುವಾಗ ಸುಲಭವಲ್ಲ. ಸಾಕಲಾರದವರು ಅರಣ್ಯ ಇಲಾಖೆಯನ್ನೋ ಪ್ರಾಣಿ ಪುನರ್ವಸತಿ ಕೇಂದ್ರವನ್ನೋ ವಿಚಾರಿಸಬೇಕು, ಇಲ್ಲವೆ ಅನುಭವವಿರುವ ಬೇರೊಬ್ಬ ಸಾಕಣೆಗಾರನನ್ನು ಹುಡುಕಬೇಕು. ಸಾಕಬಲ್ಲವರು ತೊಟ್ಟಿಯನ್ನು ಹಿಗ್ಗಿಸಬೇಕು: ಮಗುಚಿ ಬಿದ್ದರೆ ಮತ್ತೆ ತಿರುಗಿಕೊಳ್ಳುವಷ್ಟು ಆಳದ ನೀರು, ಪೂರ್ತಿ ಒಣಗಿ ಕೂರಲು ಅಗಲವಾದ ಕಲ್ಲು, ಅದರ ಮೇಲೆ ಮೂವತ್ತು ಮೂವತ್ತೆರಡು ಡಿಗ್ರಿಯ ಬಿಸುಪು, ಗಾಜು ತಡೆಯದ ಬಿಸಿಲು ಅಥವಾ ಅದಕ್ಕೆ ಬದಲಾದ ನೇರಳಾತೀತ ದೀಪ. ಡಿಸೆಂಬರಿನ ಬೆಂಗಳೂರಿನಲ್ಲಿ ತಣ್ಣೀರಿನಲ್ಲಿ ಮುದುಡಿ ಕುಳಿತ ಆಮೆ ಉಣ್ಣುವುದೂ ಇಲ್ಲ, ಉಂಡುದು ಅರಗುವುದೂ ಇಲ್ಲ.

ನಮ್ಮ ಊಹೆಯ ಮನೆಯಲ್ಲಿ ಕೊನೆಗೆ ಗೆದ್ದವನು ಹುಡುಗನೇ. ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು ಅವನು ತಾಯಿಗೆ ಹೇಳಿದುದು ಇಷ್ಟೆ: “ಅದಕ್ಕೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.” ಮಾರನೆಯ ದಿನ ತಂದೆ ಎರಡನೆಯ ತೊಟ್ಟಿಯ ಬೆಲೆ ವಿಚಾರಿಸಿಕೊಂಡು ಸಪ್ಪೆಮುಖದಿಂದ ಹಿಂದಿರುಗಿದ. ಅಡಿಗೆಮನೆಯಿಂದ ಹಪ್ಪಳ ತಿರುವುವ ಇಕ್ಕುಳ ಕಾಣೆಯಾಗಿದೆಯೆಂದು ಅಜ್ಜಿ ಹುಡುಕುತ್ತಿದ್ದಳು. ಹುಡುಗ ವರಾಂಡದಲ್ಲಿ ಮೊಣಕಾಲೂರಿ, ಒಂದು ಮೊಳ ದೂರದಿಂದ, ಸೊಪ್ಪಿನೆಲೆಯೊಂದನ್ನು ನೀರಿಗೆ ಇಳಿಬಿಡುತ್ತಿದ್ದ. ಆಮೆ ಮೊದಲು ಅವನ ಕೈಯನ್ನು ನೋಡಿತು. ಸ್ವಲ್ಪ ಹೊತ್ತು ತಡೆದು, ಎಲೆಯ ಕಡೆಗೆ ತಿರುಗಿತು.